ಮೂವತ್ತೊಂಬತ್ತು ಫಿಲ್ಮು, ಒಂದೇ ಬೆಸುಗೆ

“ಅಲ್ಲಾಡಿಸ್ಬೇಡಿ ಟೀಚರ್. ಎಡಗೈ ಸ್ವಲ್ಪ ಮೇಲಕ್ಕೆ... ಹಾಂ, ಅಲ್ಲೇ ಇರ್ಲಿ.”

ಟೀಚರ್ ಎರಡು ಕಪ್ಪು ಫಿಲ್ಮುಗಳನ್ನು ಶಾಲೆಯ ಪ್ರಯೋಗಾಲಯದ ಕಿಟಕಿ ಗಾಜಿಗೆ ಒತ್ತಿ ಹಿಡಿದಿದ್ದಳು. ಹತ್ತು ಗಂಟೆಯ ಬಿಸಿಲು ಹಿಂದಿನಿಂದ ಹಾಯುತ್ತಿತ್ತು. ದಫೇದಾರಮ್ಮ ಕನ್ನಡಕವನ್ನು ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಾಗಿದಳು.

ಅವಳು ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಊರು ಮಾತ್ರ ಆ ಹೆಸರನ್ನು ಬಿಟ್ಟಿರಲಿಲ್ಲ. ಟೀಚರ್‌ಳ ಗಂಡ ಕಾಣೆಯಾಗಿ ಇದು ಮೂರನೆಯ ದಿನ. “ಗಂಡ ಹೆಂಡ್ತಿ ಜಗಳ ಇರ್ಬೇಕು, ಬರ್ತಾನೆ ಬಿಡಿ” ಎಂದು ಠಾಣೆಯವರು ಕೈ ತೊಳೆದುಕೊಂಡಿದ್ದರು. ಅವನು ಬಚ್ಚಿಟ್ಟಿದ್ದ ಲಕೋಟೆ ಇದೇ ಕೋಣೆಯ ಅಸ್ಥಿಪಂಜರದ ಪೆಟ್ಟಿಗೆಯೊಳಗೆ, ಪಕ್ಕೆಲುಬುಗಳ ಹಿಂದೆ, ದಫೇದಾರಮ್ಮನ ಕೈಗೆ ಸಿಕ್ಕಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

“ಈ ಫಿಲ್ಮಿನ ಮೇಲೆ ನಂಬರ್ ಎಷ್ಟಿದೆ?”

“ಜಾಯಿಂಟ್ ನೂರಾ ಹನ್ನೆರಡು.”

“ಅದರ ಮೇಲೆ?”

“ಮುನ್ನೂರ ನಲವತ್ತು.”

“ಎರಡರ ಮಧ್ಯೆ ದೂರ ಎಷ್ಟಿರುತ್ತೆ?”

ಟೀಚರ್ ಮನಸ್ಸಿನಲ್ಲೇ ಗುಣಿಸಿದಳು. “ಒಂದೊಂದು ಕೊಳವೆ ಹನ್ನೆರಡು ಮೀಟರ್. ಎರಡೂವರೆ ಕಿಲೋಮೀಟರ್ ಮೇಲೇ ಆಗುತ್ತೆ ಅಕ್ಕಾ.”

“ಹಾಗಿದ್ರೆ ಅಷ್ಟು ದೂರ ಇರೋ ಎರಡು ಬೆಸುಗೆಗೆ ಒಂದೇ ಜಾಗದಲ್ಲಿ, ಒಂದೇ ಥರ ನಾಲ್ಕು ಚುಕ್ಕೆ ಹೇಗೆ ಬಂತು?”

ಪಕ್ಕದ ತರಗತಿಯಲ್ಲಿ ಮಕ್ಕಳು ಹದಿಮೂರರ ಮಗ್ಗಿ ಹೇಳುತ್ತಿದ್ದರು.

ಟೀಚರ್‌ಳ ಗಂಡನನ್ನು ಎಲ್ಲರೂ ಕರೆಯುವುದು ಫಿಲ್ಮಣ್ಣ ಎಂದೇ. ಸಿನಿಮಾಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ. ಗ್ಯಾಸ್ ಸಾಗಿಸುವ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಬೆಸೆಯುತ್ತಾರಲ್ಲ, ಆ ಬೆಸುಗೆಗೆ ಎಕ್ಸ್‌ರೇ ತೆಗೆಯುವುದು ಅವನ ಕೆಲಸ. ಡಾಕ್ಟರು ಮೂಳೆಯ ಬಿರುಕು ಹುಡುಕಿದ ಹಾಗೆ ಇವನು ಉಕ್ಕಿನೊಳಗಿನ ಬಿರುಕು, ಗುಳ್ಳೆ ಹುಡುಕಬೇಕು. ಬೆಸುಗೆಯ ಪಕ್ಕ ಸೀಸದ ಅಂಕಿಗಳನ್ನಿಟ್ಟು ತೆಗೆದರೆ ಜಾಯಿಂಟಿನ ನಂಬರು ಫಿಲ್ಮಿನ ಮೇಲೆ ಬೆಳ್ಳಗೆ ಮೂಡುತ್ತದೆ. ಗುಳ್ಳೆ ಇದ್ದರೆ ಕಪ್ಪು ಚುಕ್ಕೆ.

ದಫೇದಾರಮ್ಮ ಒಂದು ಫಿಲ್ಮಿನ ಮೇಲೆ ಇನ್ನೊಂದನ್ನಿಟ್ಟು ಜರುಗಿಸಿದಳು. ಚುಕ್ಕೆಯ ಮೇಲೆ ಚುಕ್ಕೆ ಕೂತಿತು. ಮೂರು ಚುಕ್ಕೆ ಗುಂಪಾಗಿ, ನಾಲ್ಕನೆಯದು ಚೂರು ದೂರದಲ್ಲಿ, ಮುನಿಸಿಕೊಂಡು ಎದ್ದು ಹೋದ ಹಾಗೆ.

ಲಕೋಟೆಯಲ್ಲಿದ್ದುದು ಮೂವತ್ತೊಂಬತ್ತು ಫಿಲ್ಮು. ಒಂದೊಂದಾಗಿ ಬೆಳಕಿಗೆ ಹಿಡಿದರು. ಮೂವತ್ತೊಂಬತ್ತರಲ್ಲೂ ನಂಬರ್ ಬೇರೆ ಬೇರೆ, ಚುಕ್ಕೆ ಅವೇ ನಾಲ್ಕು.

“ಒಂದೇ ಬೆಸುಗೆನ ಮೂವತ್ತೊಂಬತ್ತು ಸಲ ತೆಗ್ದಿದ್ದಾರೆ. ಪಕ್ಕದ ನಂಬರ್ ಮಾತ್ರ ಬದಲಾಯಿಸಿದ್ದಾರೆ,” ಎಂದಳು ದಫೇದಾರಮ್ಮ. “ಒಬ್ಬ ಜಾಣ ಹುಡುಗನ ಉತ್ತರಪತ್ರಿಕೆನ ಇಡೀ ಕ್ಲಾಸಿನ ಹೆಸರಲ್ಲಿ ಕೊಟ್ಟ ಹಾಗೆ.”

“ಅಂದ್ರೆ ನಿಜವಾದ ಮೂವತ್ತೊಂಬತ್ತು ಜಾಯಿಂಟ್?”

“ಹೇಗಿದಾವೋ ಯಾರೂ ನೋಡೇ ಇಲ್ಲ.”

ಟೀಚರ್ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಅವಳಿಗೆ ನೆನಪಾದದ್ದು ಏನೆಂದು ಕೇಳಬೇಕಾಗಿರಲಿಲ್ಲ. ಹೋದ ವರ್ಷ ಕೆಳಗಿನ ಪೇಟೆಯಲ್ಲಿ ಇದೇ ಕಂಪನಿಯ ಕೊಳವೆ ಸೋರಿ ಒಂದು ಬೇಕರಿ ಹಾರಿಹೋಗಿತ್ತು. ಮೂರು ಜನ ಸತ್ತಿದ್ದರು. ‘ನಮ್ಮ ಪ್ರತಿಯೊಂದು ಜಾಯಿಂಟಿಗೂ ಎಕ್ಸ್‌ರೇ ಇದೆ, ತಪ್ಪು ಬೇಕರಿಯವನ ಒಲೆಯದು’ ಎಂದು ಕಂಪನಿ ಹೇಳಿತ್ತು, ಸರ್ಕಾರ ನಂಬಿತ್ತು. ಈಗ ಅದೇ ಕಂಪನಿ ಇನ್ನೊಂದು ಕೊಳವೆ ಹಾಕಲು ಹೊರಟಿದೆ. ಈ ಶಾಲೆಯ ಹಿಂಗೋಡೆಯಿಂದ ನಲವತ್ತು ಹೆಜ್ಜೆ ಆಚೆಗೆ. ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ರಾಜ್ಯದ ಇಂಧನ ಮಂಡಳಿ ಇವತ್ತು ನಾಲ್ಕು ಗಂಟೆಗೆ ತೀರ್ಮಾನ ಮಾಡುತ್ತದೆ.

‘ಈ ಕೊಳವೆಯನ್ನು ತಿರಸ್ಕರಿಸಿ’ ಎಂಬ ಅರ್ಜಿ ಬರೆದವಳು ಇದೇ ಟೀಚರ್. ಮನೆ ಮನೆ ಹತ್ತಿಳಿದು ಸಾವಿರದ ನೂರು ಸಹಿ ಮಾಡಿಸಿದ್ದಳು. ಅರ್ಜಿಯ ಮೊದಲ ಸಾಲು ಊರಿಗೆಲ್ಲ ಬಾಯಿಪಾಠ: ‘ಮಾನ್ಯರೇ, ನಾವು ಗ್ಯಾಸಿಗೆ ವಿರೋಧಿಗಳಲ್ಲ, ಸುಳ್ಳಿಗೆ ವಿರೋಧಿಗಳು.’

“ನಾನು ಇಷ್ಟು ದಿನ ಸುಳ್ಳು ಅಂತ ಬರೀತಿದ್ದೆ. ಸುಳ್ಳಿನ ಫೋಟೋ ನಮ್ಮನೆಯಲ್ಲೇ ಇತ್ತು,” ಎಂದಳು ಟೀಚರ್. “ತೆಗೆದವರೇ ನಮ್ಮನೆಯವರು.”

“ತೆಗೆದವರೂ ಅವರೇ, ಬಚ್ಚಿಟ್ಟವರೂ ಅವರೇ. ಎರಡನೇದನ್ನ ಮರೀಬೇಡಿ.”

ಹನ್ನೆರಡು ಗಂಟೆಗೆ ಕೊಳವೆ ಸುರಕ್ಷತೆಯ ನಿರ್ದೇಶಕರು ಟೀಚರ್‌ಗೆ ಭೇಟಿಗೆ ಸಮಯ ಕೊಟ್ಟಿದ್ದರು. ಮಂಡಳಿಗೆ ಏನೇ ದಾಖಲೆ ಕೊಡುವುದಿದ್ದರೂ ಮೊದಲು ಅವರ ಮೇಜಿನ ಮೇಲೆ ಹಾಯಬೇಕು, ಅದು ನಿಯಮ. ಸರ್ಕಾರಿ ಭವನಕ್ಕೆ ಬಸ್ಸಿನಲ್ಲಿ ಒಂದು ಗಂಟೆ ದಾರಿ.

ಟೀಚರ್ ಫಿಲ್ಮುಗಳನ್ನು ಜೋಡಿಸಿಕೊಳ್ಳುವಾಗ ದಫೇದಾರಮ್ಮ ಒಂದನ್ನು ಎತ್ತಿಟ್ಟುಕೊಂಡಳು. ಅದರ ಬಲ ಅಂಚಿನಲ್ಲಿ ಬೆರಳಗಲದ ಒಂದು ಪಟ್ಟಿ ಇತ್ತು. ಬರೀ ಕಪ್ಪು. ಬೇರೆ ಕಡೆ ಇದ್ದ ಬೂದು ಬಣ್ಣ ಅಲ್ಲಿ ಒಮ್ಮೆಗೇ ಕತ್ತರಿಸಿದಂತೆ ನಿಂತಿತ್ತು.

“ಇದೇನು?”

“ನನಗೆ ಗೊತ್ತಾಗ್ತಿಲ್ಲ ಅಕ್ಕಾ.”

“ಯಾರಿಗೆ ಗೊತ್ತಾಗುತ್ತೆ?”

ಟೀಚರ್ ಲಕೋಟೆಯ ಬಾಯಿ ಮಡಿಸಿದಳು. ಆಮೇಲೆ ಹೇಳಿದಳು, “ಅಪ್ಪಂಗೆ.”

*

ಟೀಚರ್‌ಳ ಅಪ್ಪನಿಗೆ ಬೆಸುಗೆ ಮೇಷ್ಟ್ರು ಎಂದು ಹೆಸರು. ಸುತ್ತಮುತ್ತ ಬೆಸುಗೆ ಕಡ್ಡಿ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಶಿಷ್ಯರು. ಹೊಸ ಕೊಳವೆ ಬಂದರೆ ಆ ಶಿಷ್ಯರಿಗೆ ಎರಡು ವರ್ಷ ಕೈತುಂಬ ಕೆಲಸ. ಹಾಗಾಗಿ ಅವರು ಕೊಳವೆಯ ಪರ. ಮಗಳು ವಿರುದ್ಧ. ಅಳಿಯ ಕಂಪನಿಯ ಸಂಬಳದವನಾದರೂ ಹೆಂಡತಿಯ ಅರ್ಜಿಗೆ ಸಹಿ ಹಾಕಿದ್ದ. ಅವತ್ತಿನಿಂದ ಮಾವ ಅಳಿಯನಿಗೆ ಎಣ್ಣೆ ಸೀಗೆಕಾಯಿ. ಎಂಟು ತಿಂಗಳಿಂದ ಮಾತಿಲ್ಲ, ಕತೆಯಿಲ್ಲ.

ಆದರೂ ಸೋಮವಾರ ಮೂರು ಗಂಟೆಗೆ ಫಿಲ್ಮಣ್ಣ ಮಾವನ ಶೆಡ್ಡಿಗೆ ಹೋದದ್ದನ್ನು ಎದುರಿನ ಮೂಲೆಯಲ್ಲಿ ಕೂರುವ ಚಪ್ಪಲಿ ಹೊಲಿಯುವವನು ನೋಡಿದ್ದ.

“ನೋಡಿದ್ದು ಖಂಡಿತನಾ?” ದಫೇದಾರಮ್ಮ ಕೇಳಿದಳು. ಬಿಸಿಲು ನೆತ್ತಿಗೆ ಬಂದಿತ್ತು.

“ದಫೇದಾರಮ್ಮೋರೇ, ನಾನು ಮುಖ ನೋಡೋನಲ್ಲ, ಕಾಲು ನೋಡೋನು. ಎಡಗಾಲಿನ ಹಿಮ್ಮಡಿ ಸವೆದಿರೋ ಕಂದು ಬೂಟು. ನಾನೇ ಎರಡು ಸಲ ಹಿಮ್ಮಡಿ ಹಾಕಿದ್ದೀನಿ. ಒಳಗೆ ಹೋಯ್ತು. ಹೊರಗೆ ಬರ್ಲಿಲ್ಲ.”

“ನೀನು ಮನೆಗೆ ಹೋದ ಮೇಲೆ ಬಂದಿರಬಹುದಲ್ಲ?”

“ಬಂದಿರಬಹುದು. ಆದ್ರೆ ಮೇಷ್ಟ್ರು ನಿನ್ನೆ ಬೆಳಿಗ್ಗೆಯಿಂದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕ್ಕೊಂಡಿದ್ದಾರೆ. ಇಪ್ಪತ್ತು ವರ್ಷದಲ್ಲಿ ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದು ನಾನು ನೋಡಿಲ್ಲ.” ಅವನು ದಾರವನ್ನು ಹಲ್ಲಿನಲ್ಲಿ ಕಡಿದ. “ಕಂಪನಿಯವನು ಒಬ್ಬ ಬಂದಿದ್ದ ನಿನ್ನೆ. ಯಾವಾಗ್ಲೂ ಹಲ್ಲು ಕಿರಿಯೋನು. ಅವನಿಗೂ ತೆಗೀಲಿಲ್ಲ.”

ನಗುಮುಖ. ಕಂಪನಿಯ ಪರವಾಗಿ ಊರಿನಲ್ಲಿ ಓಡಾಡುವವನಿಗೆ ಟೀಚರ್ ಇಟ್ಟ ಹೆಸರು ಅದು. ಹೋದ ಭಾನುವಾರ ಅವನು ಟೀಚರ್‌ಳ ಮನೆಗೇ ಬಂದು, ಹಣ್ಣಿನ ಬುಟ್ಟಿ ಮೇಜಿನ ಮೇಲಿಟ್ಟು, ನಗುನಗುತ್ತಲೇ ಫಿಲ್ಮಣ್ಣನಿಗೆ ಹೇಳಿದ್ದ: “ಎಕ್ಸ್‌ರೇ ಕೆಲ್ಸ ನೋಡಿ, ಒಂದು ಕ್ಷಣ ಮೈಮರೆತ್ರೂ ಜೀವಕ್ಕೇ ಅಪಾಯ. ಹುಷಾರು.”

ಮಾರನೆಯ ದಿನವೇ ಫಿಲ್ಮಣ್ಣ ಕಾಣೆ.

ದಫೇದಾರಮ್ಮ ರಸ್ತೆ ದಾಟಿ ಶೆಡ್ಡಿನ ತಗಡಿನ ಬಾಗಿಲು ಬಡಿದಳು. ಒಳಗೆ ಏನೋ ಸರಿದಾಡಿದ ಸದ್ದು. ಚಿಲಕ ಮಾತ್ರ ಸರಿಯಲಿಲ್ಲ.

“ಮೇಷ್ಟ್ರೇ, ನಾನು. ಬಾಗಿಲು ತೆಗೀರಿ. ಇಲ್ಲಾಂದ್ರೆ ಇಲ್ಲೇ ನಿಂತು ಕೂಗಿ ಮಾತಾಡ್ತೀನಿ. ನನ್ನ ಗಂಟಲು ನಿಮಗೆ ಗೊತ್ತಲ್ಲ.”

ಚಿಲಕ ಸರಿಯಿತು.

*

ಅರವತ್ತನಾಲ್ಕು ವರ್ಷದ ಮೇಷ್ಟ್ರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಕಿಡಿ ನೋಡಿ ನೋಡಿ ಸೋತ ಬಲಗಣ್ಣಿನಿಂದ ಸದಾ ನೀರು. ಮುಂಗೈ ತುಂಬ ಎಳ್ಳು ಚೆಲ್ಲಿದಂತೆ ಸುಟ್ಟ ಕಲೆ.

“ಅಳಿಯನ್ನ ಹುಡುಕ್ಕೊಂಡು ಬಂದಿದ್ರೆ, ಅವನು ಇಲ್ಲಿಲ್ಲ.”

“ನಾನಿನ್ನೂ ಕೇಳೇ ಇಲ್ಲ ಮೇಷ್ಟ್ರೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.”

ಅವಳು ಅವರನ್ನು ಸುತ್ತಿ ಒಳಗೆ ಹೋದಳು. ಸುಟ್ಟ ಕಬ್ಬಿಣದ ವಾಸನೆ. ಗೋಡೆಗೆ ಒರಗಿದ ಗ್ಯಾಸ್ ಸಿಲಿಂಡರುಗಳು, ಮೊಳೆಗೆ ನೇತುಹಾಕಿದ ಮುಖವಾಡ, ಕೆಲಸದ ಮೇಜಿನ ಮೇಲೆ ಅರ್ಧ ಬೆಸೆದ ಗೇಟಿನ ಬಿಜಾಗರಿ. ಹಿಂದಿನ ಮೂಲೆಯಲ್ಲಿ ಒಂದು ಮಂಚ. ಅದರ ಪಕ್ಕ ನೆಲದ ಮೇಲೆ ಸುತ್ತಿಟ್ಟ ಚಾಪೆ. ತೊಳೆದು ಬೋರಲು ಹಾಕಿದ ಎರಡು ತಟ್ಟೆ.

“ನೆಂಟರು ಬಂದಿದ್ರಾ?”

“ನನಗೆ ಎರಡು ತಟ್ಟೇಲಿ ಊಟ ಮಾಡೋ ಅಭ್ಯಾಸ.”

“ಚಾಪೆ ಮೇಲೂ ಮಲಗಿ, ಮಂಚದ ಮೇಲೂ ಮಲಗ್ತೀರಾ?”

ಅವಳ ಕಣ್ಣು ಆಗಲೇ ಮಂಚದ ಕೆಳಗಿತ್ತು. ಬಗ್ಗಿ ಎತ್ತಿಕೊಂಡದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಬಿಲ್ಲೆ, ಹಿಂದೆ ಕ್ಲಿಪ್ಪು. ಎಕ್ಸ್‌ರೇ ಕೆಲಸದವರು ಎದೆಗೆ ಸಿಕ್ಕಿಸಿಕೊಳ್ಳುವಂಥದ್ದು. ಮೈಗೆ ಎಷ್ಟು ಕಿರಣ ತಾಗಿತೆಂದು ಲೆಕ್ಕ ಇಡುತ್ತದೆ. ಅದರ ಮೇಲೆ ಫಿಲ್ಮಣ್ಣನ ಕೆಲಸದ ನಂಬರಿತ್ತು.

“ಎಲ್ಲಿ ಮೇಷ್ಟ್ರೇ ಅವನು?” ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ನಿಮ್ಮ ಮಗಳು ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಜಗಳ ಆಯ್ತಾ? ಕೈ ಮಾಡಿದ್ರಾ?”

“ಥೂ! ಬಾಯಿಗೆ ಬಂದಿದ್ದು ಮಾತಾಡ್ಬೇಡಿ!” ಮೇಷ್ಟ್ರು ಮೇಜಿನ ಮೇಲೆ ಗುದ್ದಿದರು. ಬಿಜಾಗರಿ ಹಾರಿ ಕೆಳಗೆ ಬಿತ್ತು. “ಬಚ್ಚಿಟ್ಟೆ ಅವನ್ನ. ಆಯ್ತಾ? ಎರಡು ದಿನ ಬಚ್ಚಿಟ್ಟೆ.”

ದೀಪದ ಬುಡದಲ್ಲೇ ಕತ್ತಲು. ಅಳಿಯನ ಮುಖ ಕಂಡರಾಗದ ಮಾವನ ಶೆಡ್ಡಿನಲ್ಲಿ ಯಾರು ತಾನೇ ಹುಡುಕುತ್ತಾರೆ?

ಮೇಷ್ಟ್ರು ಮಂಚದ ಮೇಲೆ ಕೂತರು. ಒಮ್ಮೆ ಬಾಯಿಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. ಸೋಮವಾರ ಅಳಿಯ ಬಂದವನೇ ಕಾಲು ಹಿಡಿದುಕೊಂಡನಂತೆ. ‘ಮಾವ, ತಪ್ಪು ಮಾಡಿದ್ದೀನಿ’ ಎಂದನಂತೆ. ಕಂಪನಿಯವರು ಗೋಣಿಚೀಲದಲ್ಲಿ ಒಂದು ಕೊಳವೆ ತುಂಡು ತಂದುಕೊಟ್ಟು, ಮತ್ತೆ ಮತ್ತೆ ಅದನ್ನೇ ತೆಗೆಯಲು ಹೇಳಿದ್ದರು. ತೆಗೆದಿದ್ದ. ಬೇಕರಿ ಹಾರಿಹೋದ ದಿನದಿಂದ ಅವನಿಗೆ ನಿದ್ದೆ ಇರಲಿಲ್ಲ. ಪ್ರತಿ ಸಲ ಎರಡೆರಡು ಫಿಲ್ಮು ಹಾಕಿ ತೆಗೆಯುವುದು ರೂಢಿ. ಎರಡನೆಯದನ್ನು ಕಂಪನಿ ಕೇಳಿರಲಿಲ್ಲ, ಅವನು ಇಟ್ಟುಕೊಂಡಿದ್ದ.

“ನಾನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಅನ್ನ ಹಾಕ್ದೆ. ಏನ್ಮಾಡ್ಲಿ, ಅಳಿಯ.”

“ಮಗಳಿಗೆ ಯಾಕೆ ಹೇಳ್ಲಿಲ್ಲ?”

“ಅವಳಿಗೆ ಗೊತ್ತಾದ್ರೆ ಮುಖದಲ್ಲಿ ಗೊತ್ತಾಗುತ್ತೆ ಅಂದ. ಅವಳ ಮನೆ ಮುಂದೆ ಕಂಪನಿಯವರ ಕಾವಲಿತ್ತು.”

“ಈಗೆಲ್ಲಿ?”

ಮೇಷ್ಟ್ರ ಮುಖದಲ್ಲಿ ಮೊದಲ ಬಾರಿಗೆ ಒಂದಿಷ್ಟು ಸಮಾಧಾನ ಕಾಣಿಸಿತು. “ಭದ್ರವಾಗಿದ್ದಾನೆ. ನಾನೇ ಕಳಿಸಿದೆ. ಸುರಕ್ಷತೆ ನಿರ್ದೇಶಕರ ಹತ್ರ. ದೊಡ್ಡ ಮನುಷ್ಯ ಅವರು, ನನಗೆ ಮೂವತ್ತಾರು ವರ್ಷದಿಂದ ಪರಿಚಯ. ಫೋನ್ ಮಾಡಿ ವಿಷಯ ಹೇಳ್ದೆ. ‘ಯಾರಿಗೂ ಹೇಳ್ಬೇಡಿ, ನಾನೇ ಗಾಡಿ ಕಳಿಸ್ತೀನಿ’ ಅಂದ್ರು. ಇವತ್ತು ಬೆಳಿಗ್ಗೆ ಆರಕ್ಕೆ ಹಿಂದಿನ ಗೇಟಿಗೆ ಬಂತು ಕಾರು.”

ದಫೇದಾರಮ್ಮ ಉಸಿರು ಬಿಟ್ಟಳು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಟೀಚರ್ ಹನ್ನೆರಡಕ್ಕೆ ಹೋದದ್ದೂ ಅಲ್ಲಿಗೇ. ಈ ಹೊತ್ತಿಗೆ ಗಂಡ ಹೆಂಡತಿ ಮುಖ ಮುಖ ನೋಡಿರಬೇಕು, ಅತ್ತು ಮುಗಿಸಿರಬೇಕು. ಗೋಡೆಯ ಗಡಿಯಾರ ಒಂದೂ ಹತ್ತು ತೋರಿಸುತ್ತಿತ್ತು.

ಹೋಗಲು ಎದ್ದವಳಿಗೆ ಚೀಲದಲ್ಲಿದ್ದ ಫಿಲ್ಮು ನೆನಪಾಯಿತು.

“ಇನ್ನೊಂದು ಸಣ್ಣ ಅನುಮಾನ ಮೇಷ್ಟ್ರೇ. ಇದರ ಅಂಚಲ್ಲಿ ಒಂದು ಕಪ್ಪು ಪಟ್ಟಿ ಇದೆ. ಏನಿರಬಹುದು?”

ಮೇಷ್ಟ್ರು ಅದನ್ನು ಹಿಂಬಾಗಿಲ ಬೆಳಕಿಗೆ ಒಯ್ದು ಹಿಡಿದರು. ಸೋತ ಕಣ್ಣು ಮುಚ್ಚಿ, ಒಳ್ಳೆಯ ಕಣ್ಣಿನಿಂದ ನೋಡಿದರು.

“ಇಲ್ಲಿ ಕಬ್ಬಿಣ ಮುಗಿದಿದೆ ಅಷ್ಟೇ. ಉಕ್ಕಿದ್ದ ಕಡೆ ಬೂದು. ಏನೂ ಇಲ್ಲದ ಕಡೆ ಬರೀ ಕಪ್ಪು. ಅಂದ್ರೆ ಇದು ನೆಲದಲ್ಲಿರೋ ಕೊಳವೆ ಅಲ್ಲ, ಬಳೆ ಹಾಗೆ ಕತ್ತರಿಸಿದ ತುಂಡು. ಪರೀಕ್ಷೆಗೆ ಮಾಡೋ ಥರದ...”

ಮಾತು ಅಲ್ಲಿಗೇ ನಿಂತಿತು.

ಅವರ ಹೆಬ್ಬೆರಳು ಫಿಲ್ಮಿನ ಮೇಲೆ ಮೆಲ್ಲಗೆ ಸರಿಯಿತು. ಮೂರು ಚುಕ್ಕೆ. ನಾಲ್ಕನೆಯದು ಚೂರು ದೂರದಲ್ಲಿ.

“ಮೇಷ್ಟ್ರೇ?”

“ಇದು ನಂದು.”

“ಏನು?”

“ಈ ಬೆಸುಗೆ ನಂದು.” ಅವರು ಫಿಲ್ಮನ್ನು ಇನ್ನಷ್ಟು ಬೆಳಕಿಗೆ ಎತ್ತಿದರು. “ಹೆತ್ತವರಿಗೆ ಮಗುವಿನ ಮಚ್ಚೆ ಗೊತ್ತಿರಲ್ವಾ? ಮೊದಲ ದರ್ಜೆ ಪರೀಕ್ಷೆಗೆ ಕೂತಿದ್ದೆ. ಮುಕ್ಕಾಲು ಸುತ್ತು ಮುಗಿದಿತ್ತು. ಅಷ್ಟರಲ್ಲಿ ಬಾಗಿಲ ಹತ್ರ ಯಾರೋ ಕೂಗಿದ್ರು, ‘ನಿನಗೆ ಹೆಣ್ಣು ಮಗು ಆಯ್ತು ಕಣೋ’ ಅಂತ. ಕೈ ಹಾರಿಬಿಡ್ತು. ಆವಾಗ ಬಿದ್ದ ಗುಳ್ಳೆ ಇವು. ನಾಲ್ಕೇ ನಾಲ್ಕು. ಫೇಲ್ ಮಾಡ್ತಾರೆ ಅಂದ್ಕೊಂಡಿದ್ದೆ. ಪರೀಕ್ಷೆ ಮಾಡ್ತಿದ್ದ ಇನ್ಸ್‌ಪೆಕ್ಟರ್ ಆಗಿನ್ನೂ ಹುಡುಗ. ಫಿಲ್ಮ್ ನನಗೂ ತೋರಿಸಿ ನಕ್ಕುಬಿಟ್ಟ. ‘ಈ ಗುಳ್ಳೆಗಳು ಮಿತಿ ಒಳಗೇ ಇದಾವೆ, ಉಳಿದಿದ್ದು ರೇಷ್ಮೆ. ಇಂಥ ಬೆಸುಗೆ ನಾನು ನೋಡಿಲ್ಲ’ ಅಂದ.”

“ಆ ತುಂಡು?”

“ಪಾಸ್ ಮಾಡಿದ್ಮೇಲೆ ನೆನಪಿಗೆ ಅಂತ ಕೇಳ್ದ. ಕೊಟ್ಟೆ. ಪಾಲಿಶ್ ಮಾಡಿಸಿ ತನ್ನ ಕೋಣೆ ಕಪಾಟಿನ ಮೇಲೆ ಇಟ್ಕೊಂಡಿದ್ದಾರೆ. ಹೋದಾಗ್ಲೆಲ್ಲ ನಾನು ಅದನ್ನ ನೋಡ್ಕೊಂಡು...”

ಮೇಷ್ಟ್ರು ತಲೆ ಎತ್ತಿದರು. ಹೇಳುತ್ತಿದ್ದ ಮಾತಿನ ಅರ್ಥ ಅವರಿಗೇ ಆಗ ಹೊಳೆಯಿತು.

“ಯಾರು ಮೇಷ್ಟ್ರೇ ಆ ಇನ್ಸ್‌ಪೆಕ್ಟರ್?” ಉತ್ತರ ಗೊತ್ತಿದ್ದೂ ದಫೇದಾರಮ್ಮ ಕೇಳಿದಳು.

“ಈಗ... ಈಗ ನಿರ್ದೇಶಕರು.”

ಹೊರಗೆ ಚಪ್ಪಲಿಯವನ ಸುತ್ತಿಗೆ ಟಕ್ ಟಕ್ ಎನ್ನುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯ ಒಳಗೇ ಅಳಿಯನನ್ನು ಮಾವ ಕಳಿಸಿದ್ದರು. ಮೂವತ್ತೆಂಟು ಫಿಲ್ಮು ಕೊಟ್ಟು ಮಗಳನ್ನು ಅಲ್ಲಿಗೇ ದಫೇದಾರಮ್ಮ ಕಳಿಸಿದ್ದಳು.

“ನಾನೇ ಫೋನ್ ಮಾಡ್ದೆ,” ಎಂದರು ಮೇಷ್ಟ್ರು. “ನನ್ನ ಬಾಯಾರೆ ಹೇಳ್ದೆ, ಇವನ ಹತ್ರ ಎರಡನೇ ಫಿಲ್ಮ್ ಇದೆ ಅಂತ.”

“ಅದಕ್ಕೆ ಆಮೇಲೆ ಅಳೋಣ. ಮೊದಲು...”

“ನನ್ನ ಕೈಯಿಂದ ಬಿದ್ದ ಬೆಸುಗೆ ಮೂವತ್ತಾರು ವರ್ಷದಲ್ಲಿ ಒಂದೂ ಬಿಟ್ಟಿಲ್ಲ.” ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕಪಾಟು ತೆಗೆದು ಒಗೆದ ಅಂಗಿ ಎಳೆದುಕೊಂಡರು. ಗುಂಡಿ ಹಾಕಲು ಹೋದರೆ ಬೆರಳು ಕೇಳುತ್ತಿಲ್ಲ. “ಅದನ್ನ ತೋರಿಸಿ ಕೊಳಕನ್ನ ಮಾರಿದ್ದಾರೆ. ಮೂರು ಜನ ಸತ್ತಿದ್ದು ನನ್ನ ಬೆಸುಗೆ ಹೆಸರಲ್ಲಿ! ನಾಲ್ಕು ಗಂಟೆಗಲ್ವಾ ಸಭೆ? ನಾನು ಬರ್ತೀನಿ. ಮಂಡಳಿಯವರ ಮುಂದೆ ನಿಂತು ಹೇಳ್ತೀನಿ, ಈ ಕೊಳವೆ ಬೇಡ ಅಂತ. ನನ್ನ ಹುಡುಗರು ಬೈದ್ರೆ ಬೈಲಿ. ಆ ಕಪಾಟಿನ ಮೇಲಿರೋ ತುಂಡು ತರಿಸಿ, ಈ ಫಿಲ್ಮ್ ಪಕ್ಕ ಇಟ್ಟು ನೋಡ್ಲಿ. ಕುರುಡನಿಗೂ ಕಾಣುತ್ತೆ.”

ಎಂಟು ತಿಂಗಳು ಮಗಳ ಅರ್ಜಿಯನ್ನು ಕಣ್ಣೆತ್ತಿ ನೋಡದ ಮನುಷ್ಯ. ದಫೇದಾರಮ್ಮನೇ ಮುಂದೆ ಬಂದು ಗುಂಡಿ ಹಾಕಿಕೊಟ್ಟಳು. ಈ ಊರಿನಲ್ಲಿ ಆ ಬೆಸುಗೆಯನ್ನು ಗುರುತಿಸಬಲ್ಲ ಒಂದೇ ಕಣ್ಣು ಇವರದು. ಅದು ನಿರ್ದೇಶಕನಿಗೂ ಗೊತ್ತು.

“ಬನ್ನಿ. ಮೊದಲು ಮಗಳಿಗೆ ಹೇಳೋಣ, ಫಿಲ್ಮ್ ಕೈಯಿಂದ ಬಿಡ್ಬೇಡ ಅಂತ.”

ಅವಳು ಟೀಚರ್‌ಳ ನಂಬರ್ ಒತ್ತಿ, ಮೇಷ್ಟ್ರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಐದು ಸಲ ರಿಂಗಾಯಿತು. ಆರನೆಯದಕ್ಕೆ ಎತ್ತಿದರು.

“ಹಲೋ, ಅಕ್ಕಾ.” ಟೀಚರ್‌ಳದೇ ದನಿ. ಹಿಂದೆ ಗಾಡಿ ಓಡುವ ಸದ್ದು.

“ಟೀಚರ್, ಎಲ್ಲಿದ್ದೀರಿ? ಫಿಲ್ಮ್ ಎಲ್ಲಿ?”

“ಒಳ್ಳೇ ಸುದ್ದಿ ಅಕ್ಕಾ. ನಮ್ಮನೆಯವರು ಸಿಕ್ಕಿದ್ರು. ನಿರ್ದೇಶಕರ ಹತ್ರಾನೇ ಇದ್ರು.” ಪಾಠ ಒಪ್ಪಿಸುವಂತೆ ಒಂದೇ ಸಮ ಬಂತು ಮಾತು. ಮಗ್ಗಿ ಹೇಳುವ ಮಕ್ಕಳ ದನಿಯಲ್ಲೂ ಇದಕ್ಕಿಂತ ಏರಿಳಿತ ಇರುತ್ತದೆ. “ಎಲ್ಲ ಸರಿಹೋಯ್ತು. ಮೂರೂ ಜನ ಅವರ ಕಾರಲ್ಲೇ ಹೊರಟಿದ್ದೀವಿ.”

“ಎಲ್ಲಿಗೆ?”

“ಸುಮ್ನೆ... ಊರಾಚೆಗೆ. ಕೂತು ಮಾತಾಡೋಕೆ.”

“ನಾಲ್ಕು ಗಂಟೆಗೆ ಸಭೆ ಇದೆಯಲ್ಲ ಟೀಚರ್!”

“ನಾವು ಹೋಗಲ್ಲ. ಅರ್ಜಿ ವಾಪಸ್ ತಗೊಂಡೆ. ನಮ್ಮದೇ ತಪ್ಪು ತಿಳುವಳಿಕೆ ಆಗಿತ್ತು.” ಯಾರೋ ಪಕ್ಕದಲ್ಲಿ ಕೆಮ್ಮಿದರು. “ಲಕೋಟೇಲಿ ಒಂದು ಫಿಲ್ಮ್ ಕಮ್ಮಿ ಇದೆಯಂತೆ. ನಿಮ್ಮ ಹತ್ರ ಇದೆ ಅಲ್ವಾ? ತಗೊಳ್ಳೋಕೆ ಒಬ್ರನ್ನ ಕಳಿಸ್ತಾರೆ. ಎಲ್ಲಿದ್ದೀರಿ ಈಗ ನೀವು?”

ಮೇಷ್ಟ್ರು ಬಾಯಿ ತೆರೆದರು. ದಫೇದಾರಮ್ಮ ಅಂಗೈಯಿಂದ ಅದನ್ನು ಮುಚ್ಚಿದಳು.

“ಶಾಲೆಯಲ್ಲೇ ಇದ್ದೀನಿ. ಪ್ರಯೋಗಾಲಯದಲ್ಲಿ. ಅಲ್ಲಿಗೇ ಕಳಿಸೋಕೆ ಹೇಳಿ.”

“ಆಯ್ತು. ಗಾಬರಿ ಆಗ್ಬೇಡಿ ಅಕ್ಕಾ, ಕ್ಷೇಮವಾಗಿದ್ದೀವಿ. ನಮ್ಮನೆಯವರೇ ಕಾರು ಓಡಿಸ್ತಿದ್ದಾರೆ. ಅಪ್ಪ ಸಿಕ್ಕಿದ್ರೆ ಇದೊಂದು ಮಾತು ಹೇಳಿಬಿಡಿ, ಅವರೇ ಓಡಿಸ್ತಿದ್ದಾರೆ ಅಂತ. ಅಪ್ಪಂಗೆ ಸಮಾಧಾನ ಆಗುತ್ತೆ.”

ಫೋನು ಸತ್ತಿತು.

ದಫೇದಾರಮ್ಮ ಮತ್ತೆ ಒತ್ತಿದಳು. ಸ್ವಿಚ್ ಆಫ್.

“ಬೆದರಿಸಿ ಮಾತಾಡಿಸಿದ್ದಾರೆ. ಆದ್ರೂ ಇಬ್ಬರೂ ಒಟ್ಟಿಗಿದ್ದಾರಲ್ಲ, ಅವನು ಜೀವಂತ ಇದ್ದಾನಲ್ಲ, ಅಷ್ಟಾದ್ರೂ...” ಎನ್ನುತ್ತ ತಿರುಗಿದವಳು ಅಲ್ಲೇ ನಿಂತಳು.

ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಒಂದು ಕೈ ಸಿಲಿಂಡರಿಗೆ ಆತುಕೊಂಡಿತ್ತು.

“ಯಾರು ಓಡಿಸ್ತಿದ್ದಾರೆ ಅಂದ್ಳು?”

“ನಿಮ್ಮ ಅಳಿಯ.”

“ಅವನಿಗೆ ಕಾರು ಓಡಿಸೋಕೆ ಬರಲ್ಲಮ್ಮ,” ಎಂದರು ಮೇಷ್ಟ್ರು. “ಸೈಕಲ್ಲೂ ಬರಲ್ಲ. ಮದುವೆಯಾದ ದಿನದಿಂದ ನನ್ನ ಮಗಳೇ ಅವನನ್ನ ಸ್ಕೂಟರ್ ಹಿಂದೆ ಕೂರಿಸ್ಕೊಂಡು ತಿರುಗ್ತಿರೋದು.”